ದೂರದರ್ಶಕದ ಹೀಟರ್ ಮತ್ತು ಫೋಕಸರ್ ನಿಯಂತ್ರಕ: ಬ್ರೆಡ್‌ಬೋರ್ಡಿನಿಂದ ಕಾಯಂ ಬೋರ್ಡಿಗೆ ಹೋಗುವುದು ಹೇಗೆ?

ತಾರಾಪಥಿಕ (ಪ್ರಶ್ನೆ)

ನನ್ನ ದೂರದರ್ಶಕಕ್ಕೆಂದು ಒಂದು ಚಿಕ್ಕ ನಿಯಂತ್ರಕವನ್ನು ಕಟ್ಟುತ್ತಿದ್ದೇನೆ. ಮುಂದಿನ ಮಸೂರಕ್ಕೂ ಗೈಡ್ ಸ್ಕೋಪಿಗೂ (ನಕ್ಷತ್ರವನ್ನು ಹಿಂಬಾಲಿಸಲು ನೆರವಾಗುವ ಸಣ್ಣ ದೂರದರ್ಶಕ) ಸುತ್ತಿರುವ ಹೀಟರ್ ಪಟ್ಟಿಗಳನ್ನು ಇಬ್ಬನಿ ಕೂರದಷ್ಟು ಮಾತ್ರ ಬೆಚ್ಚಗಿಡುವುದು ಅದರ ಒಂದು ಕೆಲಸ, ಸ್ಟೆಪ್ಪರ್ ಮೋಟರಿನಿಂದ ಫೋಕಸರನ್ನು (ಚಿತ್ರವನ್ನು ಸ್ಪಷ್ಟಗೊಳಿಸುವ ಭಾಗ) ತಿರುಗಿಸುವುದು ಇನ್ನೊಂದು. ಅಟ್‌ಮೆಗಾ328ಪಿ ಚಿಪ್ ಇರುವ ಮೈಕ್ರೋಕಂಟ್ರೋಲರ್ ಬೋರ್ಡ್, ಮೋಟರಿಗೆ ಎ4988 ಡ್ರೈವರ್, ಹೀಟರ್‌ಗಳಿಗೆ ಸ್ವಿಚ್ಚಿನಂತೆ ತಲಾ ಒಂದು ಮಾಸ್‌ಫೆಟ್, ತಾಪಮಾನ ಅಳೆಯಲು, ಬಿಸಿಯಾದಂತೆ ರೋಧ ಇಳಿಯುವ 10 ಕಿಲೋಓಮ್ ಥರ್ಮಿಸ್ಟರ್ ಬಳಸಿದ್ದೇನೆ. ಥರ್ಮಿಸ್ಟರಿನ ಒಂದು ಕಾಲು 5 ವೋಲ್ಟಿಗೂ ಇನ್ನೊಂದು ಕಾಲು 10 ಕಿಲೋಓಮಿನ ಸ್ಥಿರ ರೆಸಿಸ್ಟರಿಗೂ ಸೇರಿದ್ದು, ಆ ರೆಸಿಸ್ಟರಿನ ಬುಡ ಗ್ರೌಂಡಿಗೆ ಹೋಗುತ್ತದೆ. ಇದೆಲ್ಲಕ್ಕೂ, ಜೊತೆಗೆ ಕ್ಯಾಮೆರಾ ಮತ್ತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರಿಗೂ, 12 ವೋಲ್ಟಿನ ಒಂದೇ ಪವರ್ ಸಪ್ಲೈ ಇದೆ. ಎರಡು ಹೀಟರ್‌ಗಳೂ ಸೇರಿ ಸುಮಾರು 1.5 ಆಂಪಿಯರ್ ಎಳೆಯುತ್ತವೆ.

ಸರ್ಕ್ಯೂಟ್ ಪೂರ್ತಿ ಈಗ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ತಂತಿಗಳನ್ನು ಚುಚ್ಚಿ ಜೋಡಿಸುವ ಹಲಗೆಯ) ಮೇಲಿದೆ. ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಓಡಿಸಿದಾಗ ದೋಷವೇನೂ ಕಾಣುವುದಿಲ್ಲ, ಆದರೆ ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಮೂರು ತೊಂದರೆಗಳು ಎದುರಾಗುತ್ತವೆ. ಹೀಟರ್ ಆನ್ ಆದ ಕ್ಷಣದಲ್ಲೇ ತಾಪಮಾನದ ರೀಡಿಂಗ್ ಸುಮಾರು 2 ಡಿಗ್ರಿ ಮೇಲಕ್ಕೆ ಜಿಗಿಯುತ್ತದೆ. ಅದನ್ನು ನೋಡಿ ಪ್ರೋಗ್ರಾಂ ಹೀಟರನ್ನು ಆಫ್ ಮಾಡುತ್ತದೆ, ರೀಡಿಂಗ್ ಮತ್ತೆ ಕೆಳಗಿಳಿಯುತ್ತದೆ, ಹೀಗೆ ಹೀಟರ್ ಪಟಪಟನೆ ಹತ್ತಿ ಆರುತ್ತಿರುತ್ತದೆ. ಫೋಕಸರ್ ಚಲಿಸಲು ಶುರುಮಾಡಿದಾಗ ಮೈಕ್ರೋಕಂಟ್ರೋಲರ್ ಕೆಲವೊಮ್ಮೆ ರೀಸೆಟ್ ಆಗಿ, ತಾನು ಯಾವ ಸ್ಥಾನದಲ್ಲಿದ್ದೆ ಎಂಬುದನ್ನೇ ಮರೆಯುತ್ತದೆ. ಹೀಟರ್ ಓಡುತ್ತಿರುವಾಗ ತೆಗೆದ ಚಿತ್ರಗಳಲ್ಲಿ ಮಂದವಾದ ಅಡ್ಡಗೆರೆಗಳು ಕಾಣುತ್ತವೆ.

ಈಗ ಇದನ್ನು ದೂರದರ್ಶಕದ ಕಂಬಕ್ಕೆ ಕಾಯಂ ಆಗಿ ಅಳವಡಿಸುವ ಪೆಟ್ಟಿಗೆಯೊಳಗೆ ಸೇರಿಸಬೇಕಾಗಿದೆ. ಪರ್ಫ್‌ಬೋರ್ಡಿನ (ಸಾಲುಸಾಲು ರಂಧ್ರಗಳಿರುವ ಬೋರ್ಡಿನ) ಮೇಲೆ ಕೈಯಿಂದಲೇ ವೈರಿಂಗ್ ಮಾಡಿದರೆ ಸಾಕೇ, ಅಥವಾ ಪಿಸಿಬಿ (ತಾಮ್ರದ ದಾರಿಗಳನ್ನು ಅಚ್ಚು ಹಾಕಿದ ಬೋರ್ಡ್) ವಿನ್ಯಾಸ ಮಾಡಿ ಮುದ್ರಿಸುವುದೇ ಸರಿಯೇ? ಕೈವೈರಿಂಗೇ ಆದರೆ ಯಾವ ತಂತಿ, ಯಾವ ಕ್ರಮ? ರಾತ್ರಿಯಿಡೀ ತೇವದಲ್ಲಿರುವ ಪೆಟ್ಟಿಗೆಯನ್ನು ಹೇಗೆ ರಕ್ಷಿಸಬೇಕು?


ಬೆಸುಗೆಕೋಲು

ನಿಮ್ಮ ಮೂರು ತೊಂದರೆಗಳಲ್ಲಿ ಮೊದಲನೆಯದನ್ನು ನೀವು ಎಷ್ಟು ಸ್ಪಷ್ಟವಾಗಿ ವಿವರಿಸಿದ್ದೀರಿ ಎಂದರೆ, ಕಾರಣವನ್ನು ಲೆಕ್ಕ ಹಾಕಿಯೇ ಹೇಳಬಹುದು. ಗಾಜು ಒಂದು ಕ್ಷಣದಲ್ಲಿ 2 ಡಿಗ್ರಿ ಬಿಸಿಯಾಗಲಾರದು, ಆದ್ದರಿಂದ ಬದಲಾಗಿರುವುದು ತಾಪಮಾನವಲ್ಲ, ಅಳತೆಯ ಆಧಾರ. 10 ಕಿಲೋಓಮಿನ ಸಾಮಾನ್ಯ ಥರ್ಮಿಸ್ಟರಿನ ರೋಧ 25 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 4.4ರಷ್ಟು ಬದಲಾಗುತ್ತದೆ. ಅಷ್ಟೇ ಬೆಲೆಯ ಸ್ಥಿರ ರೆಸಿಸ್ಟರಿನ ಜೊತೆ 5 ವೋಲ್ಟಿಗೆ ಜೋಡಿಸಿದಾಗ ಮಧ್ಯಬಿಂದುವಿನ ವೋಲ್ಟೇಜ್ ಡಿಗ್ರಿಗೆ ಸುಮಾರು 0.055 ವೋಲ್ಟ್ ಸರಿಯುತ್ತದೆ. 2 ಡಿಗ್ರಿಯ ಜಿಗಿತವೆಂದರೆ ಅಲ್ಲಿ ಸುಮಾರು 0.11 ವೋಲ್ಟಿನ ಏರಿಕೆ. ಮಧ್ಯಬಿಂದು ಅಷ್ಟು ಏರಬೇಕಾದರೆ ಸ್ಥಿರ ರೆಸಿಸ್ಟರಿನ ಬುಡ ಅದರ ಎರಡರಷ್ಟು, ಅಂದರೆ 0.2 ವೋಲ್ಟಿಗಿಂತ ತುಸು ಹೆಚ್ಚು, ಮೇಲೆದ್ದಿರಬೇಕು. ನೀವು ಗ್ರೌಂಡ್ ಎಂದು ಕರೆಯುತ್ತಿರುವ ಆ ಬಿಂದು ಹೀಟರ್ ಆನ್ ಆದಾಗ ಗ್ರೌಂಡ್ ಆಗಿ ಉಳಿಯುತ್ತಿಲ್ಲ.

ಬ್ರೆಡ್‌ಬೋರ್ಡಿನ ಒಂದೇ ಗ್ರೌಂಡ್ ಸಾಲಿನಲ್ಲಿ ಹೀಟರಿನ 1.5 ಆಂಪಿಯರ್, ಮೋಟರಿನ ಪ್ರವಾಹ, ಥರ್ಮಿಸ್ಟರಿನ ಕಾಲು ಮಿಲಿಆಂಪಿಯರ್ ಎಲ್ಲವೂ ಒಟ್ಟಿಗೆ ಹಿಂದಿರುಗುತ್ತಿವೆ. ಹಲವು ಮನೆಗಳ ಬಚ್ಚಲ ನೀರು ಒಂದೇ ಕಿರಿದಾದ ಚರಂಡಿಗೆ ಹೋಗುವಾಗ ಒಬ್ಬರು ಹಂಡೆ ಖಾಲಿ ಮಾಡಿದರೆ ಪಕ್ಕದವರ ಬಚ್ಚಲಲ್ಲಿ ನೀರು ನಿಲ್ಲುವ ಹಾಗೆ, ಹೀಟರಿನ ಪ್ರವಾಹ ಆ ಸಾಲಿನ ಅಲ್ಪ ರೋಧದಲ್ಲೇ ವೋಲ್ಟೇಜ್ ಎಬ್ಬಿಸಿ ಉಳಿದವರ ಆಧಾರವನ್ನು ಕದಡುತ್ತದೆ. ಬ್ರೆಡ್‌ಬೋರ್ಡಿನ ಸ್ಪ್ರಿಂಗ್ ಸಂಪರ್ಕಗಳೂ ತೆಳುವಾದ ಜಂಪರ್ ತಂತಿಗಳೂ ಸೇರಿದರೆ 0.1 ಓಮಿನ ಮೇಲಿನ ರೋಧ ಸಲೀಸಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ಪರ್ಫ್‌ಬೋರ್ಡೋ ಪಿಸಿಬಿಯೋ ಎಂಬುದಲ್ಲ, ಪ್ರತಿಯೊಂದು ಪ್ರವಾಹವೂ ಯಾವ ದಾರಿಯಲ್ಲಿ ಹಿಂದಿರುಗುತ್ತದೆ ಎಂಬುದು. ಇದನ್ನು ನಿರ್ಧರಿಸದೆ ಮುದ್ರಿಸಿದ ಪಿಸಿಬಿಯಲ್ಲಿ ಇದೇ ದೋಷ ತಾಮ್ರದ ರೂಪದಲ್ಲಿ ಅಚ್ಚಾಗಿ ಕೂರುತ್ತದೆ, ಆಮೇಲೆ ತಿದ್ದುವುದು ಇನ್ನೂ ಕಷ್ಟ.

ಒಂದೇ ಪ್ರತಿ ಬೇಕಾಗಿರುವಾಗ ನಾನು ಪರ್ಫ್‌ಬೋರ್ಡನ್ನೇ ಆರಿಸುತ್ತೇನೆ. 2.54 ಮಿಲಿಮೀಟರ್ ಅಂತರದ ರಂಧ್ರಗಳಿದ್ದು, ಫೈಬರ್‌ಗ್ಲಾಸಿನಿಂದ ಮಾಡಿದ, ಎರಡೂ ಬದಿಗೆ ಲೋಹ ಲೇಪಿಸಿದ ರಂಧ್ರಗಳ ಬೋರ್ಡನ್ನು ಆರಿಸಿಕೊಳ್ಳಿ. ಕಂದುಬಣ್ಣದ ಫೀನಾಲಿಕ್ ಬೋರ್ಡ್ ತೇವ ಹೀರುತ್ತದೆ ಮತ್ತು ಬಿಸಿ ತುಸು ಹೆಚ್ಚಾದರೆ ಅದರ ತಾಮ್ರದ ಬಳೆಗಳು ಕಿತ್ತುಬರುತ್ತವೆ, ವೀಕ್ಷಣಾಲಯಕ್ಕೆ ಅದು ಬೇಡ. ಬೋರ್ಡಿನ ಒಂದು ಅಂಚಿನಲ್ಲಿ ತವರ ಲೇಪಿತ ದಪ್ಪ ತಾಮ್ರದ ತಂತಿಯನ್ನು ಉದ್ದಕ್ಕೂ ಬೆಸೆದು ಅದನ್ನೇ ಲಾಜಿಕ್ ಗ್ರೌಂಡ್ (ಮೈಕ್ರೋಕಂಟ್ರೋಲರ್ ಭಾಗದ ಗ್ರೌಂಡ್) ಮಾಡಿ. ಹೀಟರಿನ ಪ್ರವಾಹ ಈ ಬೋರ್ಡನ್ನು ಮುಟ್ಟಲೇಬಾರದು. ಮಾಸ್‌ಫೆಟ್‌ಗಳನ್ನು ಪೆಟ್ಟಿಗೆಯ ಗೋಡೆಗೆ ಹತ್ತಿರವಿರುವ ಪ್ರತ್ಯೇಕ ಟರ್ಮಿನಲ್ ಪಟ್ಟಿಯ ಮೇಲಿಟ್ಟು, ಅವುಗಳ ಸೋರ್ಸ್ ಕಾಲುಗಳಿಂದ (ಪ್ರವಾಹ ಹೊರಬರುವ ಕಾಲು) 0.75 ಚದರ ಮಿಲಿಮೀಟರಿನ ತಂತಿ ನೇರವಾಗಿ 12 ವೋಲ್ಟಿನ ಋಣ ಟರ್ಮಿನಲಿಗೆ ಹೋಗಲಿ. ಲಾಜಿಕ್ ಬೋರ್ಡಿನಿಂದ ಒಂದು ತಂತಿ, ಮೋಟರ್ ಡ್ರೈವರಿನಿಂದ ಒಂದು ತಂತಿ, ಹೀಟರ್‌ಗಳಿಂದ ಒಂದು ತಂತಿ, ಈ ಮೂರೂ ಸೇರುವ ಜಾಗ ಆ ಟರ್ಮಿನಲ್ ಒಂದೇ ಆಗಿರಬೇಕು. ಲಾಜಿಕ್ ಬೋರ್ಡಿನಿಂದ ಮಾಸ್‌ಫೆಟ್ ಕಡೆಗೆ ಹೋಗುವುದು ಗೇಟಿನ, ಅಂದರೆ ಮಾಸ್‌ಫೆಟನ್ನು ತೆರೆದು ಮುಚ್ಚುವ ಕಾಲಿನ, ಸಂಕೇತದ ತಂತಿ ಮಾತ್ರ.

ಮಾಸ್‌ಫೆಟ್ ಯಾವುದು ಎಂದು ನೀವು ಬರೆದಿಲ್ಲ. 5 ವೋಲ್ಟಿನ ಗೇಟ್ ಸಂಕೇತಕ್ಕೆ ಐಆರ್‌ಎಲ್‌ಜೆಡ್44ಎನ್ ಒಪ್ಪುತ್ತದೆ, ಏಕೆಂದರೆ ಅದರ ಡೇಟಾಶೀಟಿನಲ್ಲಿ 5 ವೋಲ್ಟಿಗೂ ಆನ್-ರೋಧವನ್ನು ನಮೂದಿಸಿದ್ದಾರೆ. ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸವಿರುವ ಐಆರ್‌ಎಫ್‌ಜೆಡ್44ಎನ್‌ನ ಆನ್-ರೋಧವನ್ನು ಕೊಟ್ಟಿರುವುದು 10 ವೋಲ್ಟಿಗೆ. 5 ವೋಲ್ಟಿನಲ್ಲಿ ಅದು ಅರೆಬರೆ ತೆರೆದುಕೊಂಡು ತಾನೇ ಬಿಸಿಯಾಗಬಹುದು. ಗೇಟಿನಿಂದ ಸೋರ್ಸಿಗೆ 10 ಕಿಲೋಓಮಿನ ರೆಸಿಸ್ಟರ್ ಹಾಕುವುದನ್ನು ಮರೆಯಬೇಡಿ. ಮೈಕ್ರೋಕಂಟ್ರೋಲರ್ ರೀಸೆಟ್ ಆಗುವಾಗ ಅದರ ಪಿನ್‌ಗಳು ತೇಲುತ್ತಿರುತ್ತವೆ, ಆ ಹೊತ್ತಿನಲ್ಲಿ ಹೀಟರನ್ನು ಆಫ್ ಆಗಿ ಹಿಡಿದಿಡುವುದು ಆ ರೆಸಿಸ್ಟರ್ ಒಂದೇ.

ಇನ್ನು ರೀಸೆಟ್ ತೊಂದರೆ. ಎ4988ರ ಮೋಟರ್ ಸಪ್ಲೈ ಕಾಲುಗಳಿಗೆ ಅಂಟಿದಂತೆ ಕನಿಷ್ಠ 100 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಇರಬೇಕು, ಮೈಕ್ರೋಕಂಟ್ರೋಲರಿನ ಪ್ರತಿ ಸಪ್ಲೈ ಕಾಲಿನ ಬಳಿ 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪ್ಯಾಸಿಟರ್ ಇರಬೇಕು. ಇವನ್ನು ಬೋರ್ಡಿನ ಇನ್ನೊಂದು ಮೂಲೆಯಲ್ಲಿಟ್ಟು ಉದ್ದ ತಂತಿ ಎಳೆದರೆ ಇಟ್ಟೂ ಇಲ್ಲದಂತೆಯೇ. ಅಟ್‌ಮೆಗಾ328ಪಿ 16 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ನಡೆಯಲು ಸುಮಾರು 3.8 ವೋಲ್ಟ್ ಬೇಕು, ಆದರೆ ಅನೇಕ ಬೋರ್ಡ್‌ಗಳಲ್ಲಿ ಬ್ರೌನ್-ಔಟ್ ಮಟ್ಟ (ಸಪ್ಲೈ ಇದಕ್ಕಿಂತ ಇಳಿದರೆ ಚಿಪ್ ತಾನಾಗಿ ರೀಸೆಟ್ ಆಗುವ ವೋಲ್ಟೇಜ್) 2.7 ವೋಲ್ಟಿಗೆ ಹೊಂದಿಸಿರುತ್ತದೆ. ಇವೆರಡರ ನಡುವೆ ಚಿಪ್ ರೀಸೆಟ್ ಆಗದೆ ತಪ್ಪು ಆದೇಶಗಳನ್ನು ನಡೆಸುವ ಸಾಧ್ಯತೆ ಇದೆ. ಫ್ಯೂಸ್ ಬಿಟ್‌ಗಳಲ್ಲಿ (ಚಿಪ್ಪಿನ ಮೂಲ ಹೊಂದಿಕೆಗಳಲ್ಲಿ) ಅದನ್ನು 4.3 ವೋಲ್ಟಿಗೆ ಏರಿಸಿ, ಫೋಕಸರಿನ ಸ್ಥಾನವನ್ನು ಪ್ರತಿ ಚಲನೆಯ ಕೊನೆಗೆ ಈಪ್ರಾಮ್‌ನಲ್ಲಿ (ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಲ್ಲಿ) ಬರೆದಿಡಿ. ಮತ್ತೊಂದು ಮಾತು: ವಿದ್ಯುತ್ ಇರುವಾಗ ಮೋಟರಿನ ಕನೆಕ್ಟರನ್ನು ಕೀಳುವುದಾಗಲಿ ಚುಚ್ಚುವುದಾಗಲಿ ಎ4988ನ್ನು ಕೊಲ್ಲುತ್ತದೆ, ಆದ್ದರಿಂದ ಆ ಕನೆಕ್ಟರ್ ಸ್ಕ್ರೂ ಇರುವ ಬಗೆಯದಾಗಿರಲಿ.


ಸುತ್ತುತಂತಿ

ಮೇಲಿನ ಉತ್ತರದ ಗ್ರೌಂಡ್ ಲೆಕ್ಕವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಲಾಜಿಕ್ ಭಾಗಕ್ಕೆ ಬೆಸುಗೆಯ ಬದಲು, ಲೋಹದ ಕಂಬಕ್ಕೆ ತಂತಿಯನ್ನು ಬಿಗಿಯಾಗಿ ಸುತ್ತುವ ವೈರ್‌ರ‍್ಯಾಪ್ ವಿಧಾನವನ್ನೂ ಪರಿಗಣಿಸಿ ಎಂದು ಕೇಳಿಕೊಳ್ಳುತ್ತೇನೆ. ಇದನ್ನು ಹಳೆಯ ಕಾಲದ ವಿಧಾನವೆಂದು ಬದಿಗೆ ಸರಿಸುವವರಿದ್ದಾರೆ. ಚಂದ್ರನ ಬಳಿಗೆ ಹೋಗಿಬಂದ ಅಪೊಲೊ ನೌಕೆಗಳ ಮಾರ್ಗದರ್ಶಕ ಕಂಪ್ಯೂಟರಿನ ಮಾಡ್ಯೂಲ್‌ಗಳ ನಡುವಿನ ಸಂಪರ್ಕಗಳು ವೈರ್‌ರ‍್ಯಾಪ್‌ನಿಂದಲೇ ಆಗಿದ್ದವು. ಚೌಕಾಕಾರದ 0.64 ಮಿಲಿಮೀಟರ್ ಕಂಬದ ಚೂಪು ಅಂಚುಗಳು ಬಿಗಿಯಾಗಿ ಸುತ್ತಿದ ತಂತಿಯೊಳಗೆ ಕಚ್ಚಿಕೊಂಡು, ಗಾಳಿ ನುಸುಳದ ಸಂಪರ್ಕವನ್ನು ಪ್ರತಿ ಸುತ್ತಿಗೆ ನಾಲ್ಕರಂತೆ ಮಾಡುತ್ತವೆ. ಗಾಳಿಯೇ ಹೋಗದ ಕಡೆ ತುಕ್ಕೂ ಇಲ್ಲ. ರಾತ್ರಿ ತಣಿದು ಹಗಲು ಕಾಯುವ ವೀಕ್ಷಣಾಲಯದಲ್ಲಿ, ಲೋಹಕ್ಕೆ ಸರಿಯಾಗಿ ಹಿಡಿಯದ ಬೆಸುಗೆ ಕಾಲಕ್ರಮೇಣ ಬಿರುಕು ಬಿಡಬಹುದು, ಸರಿಯಾಗಿ ಸುತ್ತಿದ ಸಂಪರ್ಕ ಹಾಗೆ ಮಾಡುವುದಿಲ್ಲ.

ಬೇಕಾದದ್ದು 30 ಗೇಜಿನ ಒಂಟಿ ಎಳೆಯ ತಂತಿ, ಅಂದರೆ ಸುಮಾರು 0.25 ಮಿಲಿಮೀಟರ್ ವ್ಯಾಸದ್ದು, ಮತ್ತು ಕೈಯಲ್ಲಿ ತಿರುಗಿಸುವ ಒಂದು ಸಾಧನ. ಸುಮಾರು 25 ಮಿಲಿಮೀಟರಿನಷ್ಟು ಹೊದಿಕೆಯನ್ನು ಸುಲಿದು, ಸಾಧನದ ಚಿಕ್ಕ ರಂಧ್ರದೊಳಗೆ ಕೊನೆಯವರೆಗೆ ತೂರಿಸಿ, ಸಾಧನವನ್ನು ಕಂಬದ ಮೇಲೆ ಕೂರಿಸಿ ಒತ್ತಡ ಹಾಕದೆ ತಿರುಗಿಸಬೇಕು. ಒತ್ತಿದರೆ ಸುತ್ತುಗಳು ಒಂದರ ಮೇಲೊಂದು ಏರಿ ಕೂರುತ್ತವೆ, ಎತ್ತಿದರೆ ನಡುವೆ ಸಂದು ಬೀಳುತ್ತದೆ. ಮೊದಲ ಒಂದು ಸುತ್ತು ಹೊದಿಕೆಯ ಸಮೇತ ಬಂದು, ಅದರ ಮೇಲೆ ಆರೇಳು ಬರಿಯ ಸುತ್ತುಗಳು ಒತ್ತೊತ್ತಾಗಿ ಕೂತಿದ್ದರೆ ಸಂಪರ್ಕ ಸರಿಯಾಗಿದೆ ಎಂದರ್ಥ. ಹೊದಿಕೆಯ ಆ ಸುತ್ತು ತಂತಿ ಬಾಗುವ ಜಾಗದ ಎಳೆತವನ್ನು ತಾನು ಹೊರುತ್ತದೆ. ವಿನ್ಯಾಸ ಬದಲಾದಾಗ ಸುತ್ತನ್ನು ಬಿಚ್ಚಿ ಬೇರೆ ಕಂಬಕ್ಕೆ ಹೊಸ ತಂತಿ ಹಾಕಬಹುದು, ಬೋರ್ಡಿಗೆ ಬಿಸಿ ತಾಗುವುದಿಲ್ಲ.

ಈ ತಂತಿಯ ರೋಧ ಮೀಟರಿಗೆ ಸುಮಾರು 0.34 ಓಮ್ ಇರುವುದರಿಂದ ಇದು ಸಂಕೇತಗಳಿಗೆ ಮಾತ್ರ. ಮೋಟರಿಗೂ ಹೀಟರಿಗೂ ಇದನ್ನು ಬಳಸಬಾರದು. ಕಂಬಗಳು ಉದ್ದವಿರುವುದರಿಂದ ಪೆಟ್ಟಿಗೆಯಲ್ಲಿ ಹೆಚ್ಚು ಆಳ ಬೇಕಾಗುತ್ತದೆ ಎಂಬುದೂ ನಿಜ.


ಇರುಳುಬಾನು

ಇಬ್ಬನಿ ಮತ್ತು ಚಿತ್ರದ ಗೆರೆಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ವೈರಿಂಗ್ ಎಷ್ಟೇ ಚೊಕ್ಕಟವಾಗಿದ್ದರೂ ಹೀಟರನ್ನು ನಡೆಸುವ ರೀತಿ ಸರಿಯಿಲ್ಲದಿದ್ದರೆ ಚಿತ್ರ ಕೆಡುತ್ತದೆ.

ಪಿಡಬ್ಲ್ಯುಎಂ (ಹೀಟರನ್ನು ವೇಗವಾಗಿ ಹತ್ತಿಸಿ ಆರಿಸಿ ಶಾಖ ನಿಯಂತ್ರಿಸುವ ವಿಧಾನ) ಆವರ್ತನ ಎಷ್ಟಿಟ್ಟಿದ್ದೀರಿ ಎಂದು ತಿಳಿಸಿಲ್ಲ. ಮೈಕ್ರೋಕಂಟ್ರೋಲರಿನ ಸಿದ್ಧ ಆದೇಶವನ್ನೇ ಬಳಸಿದ್ದರೆ ಅದು ಸೆಕೆಂಡಿಗೆ ಕೆಲವು ನೂರು ಬಾರಿ ಹೀಟರನ್ನು ಹತ್ತಿಸಿ ಆರಿಸುತ್ತಿರುತ್ತದೆ. ಕ್ಯಾಮೆರಾ ತನ್ನ ಸೆನ್ಸರನ್ನು ಸಾಲುಸಾಲಾಗಿ ಓದುವಾಗ ಪ್ರತಿ ಸ್ವಿಚಿಂಗ್ ಅಂಚೂ ಸಪ್ಲೈಯಲ್ಲಿ ಒಂದು ಸಣ್ಣ ಕುಲುಕನ್ನು ಉಂಟುಮಾಡಿ ಆ ಹೊತ್ತಿನ ಸಾಲುಗಳ ಮೇಲೆ ಗುರುತು ಬಿಡುತ್ತದೆ, ಅಡ್ಡಗೆರೆಗಳಾಗಿ ಕಾಣುವುದು ಅದೇ. ಮಸೂರ ಮತ್ತು ಅದರ ಲೋಹದ ಚೌಕಟ್ಟು ಬಿಸಿಯಾಗಿ ತಣಿಯಲು ನಿಮಿಷಗಳೇ ಬೇಕು, ಹಾಗಿರುವಾಗ ಇಷ್ಟು ಆತುರದ ಸ್ವಿಚಿಂಗಿನಿಂದ ಲಾಭವೇನೂ ಇಲ್ಲ. ಎರಡು ಸೆಕೆಂಡಿನ ಒಂದು ಆವರ್ತವನ್ನಿಟ್ಟುಕೊಂಡು ಅದರೊಳಗೆ ಆನ್ ಇರುವ ಪಾಲನ್ನು ಬದಲಿಸಿದರೆ ಸಾಕು. ಗೇಟಿನ ದಾರಿಯಲ್ಲಿ ಕೆಲವು ಕಿಲೋಓಮಿನ ರೆಸಿಸ್ಟರ್ ಹಾಕಿ ಅಂಚುಗಳನ್ನು ನಿಧಾನಗೊಳಿಸಬಹುದು. ಮೇಲೆ ಹೇಳಿದ, ಗೇಟನ್ನು ಆಫ್ ಆಗಿ ಹಿಡಿದಿಡುವ ಹತ್ತು ಕಿಲೋಓಮಿನ ರೆಸಿಸ್ಟರನ್ನು ಆಗ ಮೈಕ್ರೋಕಂಟ್ರೋಲರಿನ ಪಿನ್ ಕಡೆಗೇ ಇಡಿ, ಗೇಟಿನ ಕಡೆ ಇಟ್ಟರೆ ಎರಡೂ ಸೇರಿ ಗೇಟ್ ವೋಲ್ಟೇಜನ್ನು ತಗ್ಗಿಸುತ್ತವೆ. ಹೀಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು, ಕ್ಯಾಮೆರಾದ ಕೇಬಲಿನಿಂದ ದೂರ ಸಾಗಿಸಿ.

ಎಷ್ಟು ಶಾಖ ಬೇಕು ಎಂಬುದರಲ್ಲಿ ಅನೇಕರು ಅತಿ ಮಾಡುತ್ತಾರೆ. ತಿಳಿಯಾದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಹೊರಸೂಸುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಇಬ್ಬನಿಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ತಾಪಮಾನ) ಕೆಳಗಿಳಿದಾಗ ತೇವ ಕೂರುತ್ತದೆ. ಅದನ್ನು ಇಬ್ಬನಿಬಿಂದುವಿಗಿಂತ ಒಂದೆರಡು ಡಿಗ್ರಿ ಮೇಲಿಟ್ಟರೆ ಕೆಲಸ ಮುಗಿಯಿತು. ಅದಕ್ಕೂ ಹೆಚ್ಚು ಕಾಯಿಸಿದರೆ ಮಸೂರದ ಮುಂದೆಯೇ ಬಿಸಿಗಾಳಿ ಏಳತೊಡಗಿ ನಕ್ಷತ್ರಗಳು ಊದಿಕೊಳ್ಳುತ್ತವೆ. ಸಾಪೇಕ್ಷ ಆರ್ದ್ರತೆ ಶೇಕಡಾ 50ಕ್ಕಿಂತ ಹೆಚ್ಚಿರುವಾಗ ಒಂದು ಸ್ಥೂಲ ಲೆಕ್ಕವಿದೆ: ಆರ್ದ್ರತೆ 100ರಿಂದ ಪ್ರತಿ 5 ಅಂಶ ಕಡಿಮೆಯಾದಂತೆ ಇಬ್ಬನಿಬಿಂದು ಗಾಳಿಯ ತಾಪಮಾನಕ್ಕಿಂತ 1 ಡಿಗ್ರಿ ಕೆಳಗಿರುತ್ತದೆ. ಶೇಕಡಾ 85 ಇದ್ದರೆ 3 ಡಿಗ್ರಿ ಕೆಳಗೆ. ಒಂದು ಆರ್ದ್ರತೆ ಸೆನ್ಸರ್ ಸೇರಿಸಿ ಈ ಲೆಕ್ಕವನ್ನು ಪ್ರೋಗ್ರಾಮಿಗೆ ಕೊಟ್ಟರೆ ಹೀಟರ್ ಬೇಕಾದಾಗ ಮಾತ್ರ ದುಡಿಯುತ್ತದೆ.

ಪಟ್ಟಿಗಳನ್ನೂ ನೀವೇ ಕಟ್ಟುವುದಾದರೆ ರೆಸಿಸ್ಟರ್‌ಗಳ ಸಾಲು ನಿಕ್ರೋಮ್ ತಂತಿಗಿಂತ ಸುಲಭ, ಏಕೆಂದರೆ ನಿಕ್ರೋಮ್‌ಗೆ ಬೆಸುಗೆ ಹಿಡಿಯುವುದಿಲ್ಲ. ಅರ್ಧ ವ್ಯಾಟಿನ 470 ಓಮ್ ರೆಸಿಸ್ಟರ್‌ಗಳನ್ನು ಎರಡು ಸಮಾನಾಂತರ ತಂತಿಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಬೆಸೆಯಿರಿ. 12 ವೋಲ್ಟಿಗೆ ಒಂದೊಂದೂ ಸುಮಾರು 0.3 ವ್ಯಾಟ್ ಶಾಖ ಕೊಡುತ್ತದೆ, 16 ಇದ್ದರೆ 4.9 ವ್ಯಾಟ್ ಮತ್ತು 0.4 ಆಂಪಿಯರ್. 330 ಓಮಿನವನ್ನು ಹಾಕಿದರೆ ಒಂದೊಂದರಲ್ಲೂ 0.44 ವ್ಯಾಟ್ ಆಗುತ್ತದೆ. ಬಟ್ಟೆಯ ಹೊದಿಕೆಯೊಳಗೆ ಶಾಖ ಹೊರಹೋಗಲು ದಾರಿ ಇಲ್ಲದಿರುವಾಗ ಗರಿಷ್ಠ ಮಿತಿಗೆ ಅಷ್ಟು ಹತ್ತಿರ ನಡೆಸುವುದು ಸರಿಯಲ್ಲ.

ಈಗ ಪೆಟ್ಟಿಗೆ. ಇಬ್ಬನಿ ಮಸೂರದ ಮೇಲೆ ಕೂರುವಂತೆಯೇ ಬೋರ್ಡಿನ ಮೇಲೂ ಕೂರುತ್ತದೆ, ಮತ್ತು ನಿಮ್ಮ ಥರ್ಮಿಸ್ಟರ್ ಸರ್ಕ್ಯೂಟಿಗೆ ಅದು ನೇರವಾಗಿ ಏಟು ಕೊಡುತ್ತದೆ. ಬೆಸುಗೆಯ ಫ್ಲಕ್ಸ್ (ಲೋಹ ಹಿಡಿಯಲು ನೆರವಾಗುವ ಅಂಟು) ಉಳಿದಿರುವ ಜಾಗ ತೇವಗೊಂಡರೆ ಎರಡು ಬಿಂದುಗಳ ನಡುವೆ ಕೆಲವು ನೂರು ಕಿಲೋಓಮಿನ ಸೋರಿಕೆ ಹುಟ್ಟಬಹುದು. ಥರ್ಮಿಸ್ಟರಿನ 10 ಕಿಲೋಓಮಿಗೆ 200 ಕಿಲೋಓಮ್ ಸಮಾನಾಂತರವಾದರೆ ಅದು 9.5 ಕಿಲೋಓಮಿನಂತೆ ಕಾಣುತ್ತದೆ, ಅಂದರೆ ಗಾಜು ಇರುವುದಕ್ಕಿಂತ 1 ಡಿಗ್ರಿ ಬೆಚ್ಚಗಿದೆ ಎಂದು ತಪ್ಪಾಗಿ ತಿಳಿಸುತ್ತದೆ. ತೇವ ಹೆಚ್ಚಾದಷ್ಟೂ ಹೀಟರ್ ಕಡಿಮೆ ದುಡಿಯುವ ಈ ದೋಷ ಹಗಲಿನ ಪರೀಕ್ಷೆಯಲ್ಲಿ ಎಂದಿಗೂ ಕಾಣಿಸುವುದಿಲ್ಲ. ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಗಟ್ಟಿ ಬ್ರಷ್‌ನಿಂದ ಬೋರ್ಡನ್ನು ತೊಳೆದು, ಪೂರ್ತಿ ಒಣಗಿಸಿ, ಅಕ್ರಿಲಿಕ್ ಲೇಪನವನ್ನು ತೆಳುವಾಗಿ ಎರಡು ಸಲ ಕೊಡಿ. ಕನೆಕ್ಟರ್‌ಗಳು, ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಚಿಕ್ಕ ರೆಸಿಸ್ಟರ್), ಆರ್ದ್ರತೆ ಸೆನ್ಸರಿನ ರಂಧ್ರ ಇವುಗಳಿಗೆ ಲೇಪನ ತಾಗಬಾರದು. ಥರ್ಮಿಸ್ಟರಿನ ಬದಲು ಡಿಎಸ್18ಬಿ20 ಎಂಬ ಡಿಜಿಟಲ್ ತಾಪಮಾನ ಸೆನ್ಸರ್ ಹಾಕಿದರೆ ಅಳತೆ ಅಂಕಿಗಳ ರೂಪದಲ್ಲೇ ಬರುವುದರಿಂದ ಗ್ರೌಂಡಿನ ಕದಲಿಕೆಯೂ ಸೋರಿಕೆಯೂ ರೀಡಿಂಗನ್ನು ಹೀಗೆ ಸದ್ದಿಲ್ಲದೆ ವಾಲಿಸಲಾರವು. ಅದರ ನಿಖರತೆ 0.5 ಡಿಗ್ರಿಯ ಒಳಗಿದ್ದು ಈ ಕೆಲಸಕ್ಕೆ ಸಾಲುತ್ತದೆ.

ಎಲ್ಲ ಕೇಬಲ್‌ಗಳೂ ಪೆಟ್ಟಿಗೆಯ ತಳದಿಂದ ಒಳಹೋಗಲಿ, ಪ್ರವೇಶಕ್ಕೆ ಮುಂಚೆ ಕೇಬಲ್ ಒಮ್ಮೆ ಕೆಳಗೆ ತೂಗಿ ಮೇಲೇರಲಿ, ಹನಿಗಳು ಆ ತಗ್ಗಿನಲ್ಲೇ ಉದುರುತ್ತವೆ. ತಳದಲ್ಲಿ ಒಂದು ಚಿಕ್ಕ ರಂಧ್ರ ಬೇಕು. ಪೂರ್ತಿ ಮುಚ್ಚಿದ್ದೇವೆ ಎಂದುಕೊಂಡ ಪೆಟ್ಟಿಗೆ ಹಗಲಿನ ತೇವದ ಗಾಳಿಯನ್ನು ಒಳಗೇ ಹಿಡಿದಿಟ್ಟು ರಾತ್ರಿ ಮುಚ್ಚಳದ ಒಳಮೈಗೆ ಹನಿಸುತ್ತದೆ.


ತಾರಾಪಥಿಕ

ಮೂವರಿಗೂ ಕೃತಜ್ಞತೆಗಳು. ಬೆಸುಗೆಕೋಲು ಅವರ ಲೆಕ್ಕವನ್ನು ಮೀಟರಿನಿಂದ ಪರೀಕ್ಷಿಸಿದೆ. ಎರಡೂ ಹೀಟರ್‌ಗಳು ಆನ್ ಆಗಿರುವಾಗ ಮೈಕ್ರೋಕಂಟ್ರೋಲರಿನ ಗ್ರೌಂಡ್ ಪಿನ್ನಿಗೂ ಸ್ಥಿರ ರೆಸಿಸ್ಟರಿನ ಬುಡಕ್ಕೂ ನಡುವೆ 0.21 ವೋಲ್ಟ್ ಸಿಕ್ಕಿತು, ಹೀಟರ್ ಆರಿಸಿದಾಗ ಸೊನ್ನೆ. ಮೈಕ್ರೋಕಂಟ್ರೋಲರಿನ ಗ್ರೌಂಡಿನಿಂದ ಪವರ್ ಸಪ್ಲೈಯ ಋಣ ಟರ್ಮಿನಲಿಗೆ ಅಳೆದಾಗ 0.38 ವೋಲ್ಟ್ ಇತ್ತು. ನನಗೆ ಅರ್ಥವಾಗದ ಸಂಗತಿಯೆಂದರೆ, ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ಕೇಬಲನ್ನು ಕಿತ್ತ ಕೂಡಲೇ ಇದು 0.46 ವೋಲ್ಟಿಗೆ ಏರಿತು. ಯುಎಸ್‌ಬಿಗೂ ಹೀಟರಿಗೂ ಏನು ಸಂಬಂಧ?

ಇನ್ನೊಂದು ಪ್ರಶ್ನೆ: ಪವರ್ ಸಪ್ಲೈ ಕಂಬದಿಂದ 10 ಮೀಟರ್ ದೂರದಲ್ಲಿರಬೇಕಾಗುತ್ತದೆ. ನನ್ನ ಬಳಿ 0.5 ಚದರ ಮಿಲಿಮೀಟರಿನ ಕೇಬಲ್ ಇದೆ, ಸಾಲುತ್ತದೆಯೇ?


ಬೆಸುಗೆಕೋಲು

ಯುಎಸ್‌ಬಿ ಕೇಬಲ್ ಕೀಳುವ ಆಲೋಚನೆ ಬಹಳ ಉಪಯೋಗಕ್ಕೆ ಬಂದಿದೆ, ಏಕೆಂದರೆ ಗೆರೆಗಳಿಗೆ ಪಿಡಬ್ಲ್ಯುಎಂ ಅಲ್ಲದೆ ಇನ್ನೊಂದು ಕಾರಣವೂ ಇದೆ ಎಂದು ಅದು ತೋರಿಸುತ್ತದೆ. ಕೇಬಲ್ ಇಲ್ಲದಾಗ ಹೀಟರಿನ 1.5 ಆಂಪಿಯರ್ ಪೂರ್ತಿ ನಿಮ್ಮ ಗ್ರೌಂಡ್ ತಂತಿಯಲ್ಲೇ ಹರಿದು 0.46 ವೋಲ್ಟ್ ಎಬ್ಬಿಸುತ್ತದೆ, ಅಂದರೆ ಆ ದಾರಿಯ ರೋಧ 0.3 ಓಮಿನಷ್ಟು. ಕೇಬಲ್ ಇದ್ದಾಗ ಅದೇ ರೋಧದಲ್ಲಿ 0.38 ವೋಲ್ಟ್ ಮಾತ್ರ ಇದೆ ಎಂದರೆ ಅಲ್ಲಿ ಹರಿಯುತ್ತಿರುವುದು 1.25 ಆಂಪಿಯರ್. ಉಳಿದ ಕಾಲು ಆಂಪಿಯರ್ ಯುಎಸ್‌ಬಿ ಕೇಬಲಿನ ಗ್ರೌಂಡ್ ಎಳೆ ಮತ್ತು ಹೊದಿಕೆಯ ಮೂಲಕ ಕಂಪ್ಯೂಟರಿಗೆ ಹೋಗಿ, ಕಂಪ್ಯೂಟರಿನ ಸಪ್ಲೈ ತಂತಿಯ ಮೂಲಕ ಹಿಂದಿರುಗುತ್ತಿದೆ. ಕ್ಯಾಮೆರಾ ಕೂಡ ಅದೇ ಕಂಪ್ಯೂಟರಿಗೆ ಸೇರಿರುವುದರಿಂದ ಹೀಟರಿನ ಪ್ರತಿ ಸ್ವಿಚಿಂಗ್ ಅದರ ಆಧಾರವನ್ನೂ ಅಲುಗಿಸುತ್ತದೆ. ಹೀಟರಿನ ಗ್ರೌಂಡ್ ತಂತಿ ಎಂದಾದರೂ ಸಡಿಲವಾದರೆ ಪೂರ್ತಿ 1.5 ಆಂಪಿಯರ್ ಯುಎಸ್‌ಬಿ ದಾರಿ ಹಿಡಿಯುತ್ತದೆ, ಆಗ ಪೋರ್ಟ್ ಸುಡುವ ಅಪಾಯವಿದೆ. ಹೀಟರಿನ ವಾಪಸು ದಾರಿಯನ್ನು ಪ್ರತ್ಯೇಕಿಸಿ ದಪ್ಪ ಮಾಡಿದರೆ ಈ ಕಾಲು ಆಂಪಿಯರ್ ಬಹುಪಾಲು ಇಲ್ಲವಾಗುತ್ತದೆ. ಪೂರ್ತಿ ಕಡಿದುಹಾಕಬೇಕೆಂದರೆ ಮೈಕ್ರೋಕಂಟ್ರೋಲರಿನ ಕೇಬಲಿಗೆ ಎಡಿಯುಎಂ4160 ಚಿಪ್ ಇರುವ ಯುಎಸ್‌ಬಿ ಐಸೊಲೇಟರ್ (ಸಂಕೇತವನ್ನು ದಾಟಿಸಿ, ವಿದ್ಯುತ್ ಸಂಪರ್ಕವನ್ನು ಕಡಿಯುವ ಸಾಧನ) ಹಾಕಿ. ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್, ನಿಯಂತ್ರಕಕ್ಕೆ ಧಾರಾಳ, ಕ್ಯಾಮೆರಾಕ್ಕೆ ಮಾತ್ರ ಸಾಲದು.

0.5 ಚದರ ಮಿಲಿಮೀಟರಿನ ಕೇಬಲ್ ಬೇಡ. ತಾಮ್ರದ ರೋಧವನ್ನು ಹಿಡಿದು ಲೆಕ್ಕ ಹಾಕಿದರೆ ಹೋಗಿಬರುವ 20 ಮೀಟರಿಗೆ ಸುಮಾರು 0.7 ಓಮ್ ಆಗುತ್ತದೆ. ಹೀಟರ್, ಮೋಟರ್, ಕ್ಯಾಮೆರಾ ಮತ್ತು ಕಂಪ್ಯೂಟರ್ ಸೇರಿ 3 ಆಂಪಿಯರ್ ಎಳೆದರೂ 2 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗಿ, ಕಂಬದ ಬಳಿ ಉಳಿಯುವುದು 10 ವೋಲ್ಟಿಗಿಂತ ಕಡಿಮೆ. 1.5 ಚದರ ಮಿಲಿಮೀಟರಿನದ್ದಾದರೆ ಇಳಿಕೆ 0.7 ವೋಲ್ಟ್, 2.5ರದ್ದಾದರೆ 0.4 ವೋಲ್ಟಿನ ಸುತ್ತಮುತ್ತ. ಅನುಕೂಲವಿದ್ದರೆ 2.5ನ್ನೇ ಹಾಕಿ. ಫ್ಯೂಸ್ ಇರಬೇಕಾದದ್ದು ಪೆಟ್ಟಿಗೆಯೊಳಗಲ್ಲ, ಸಪ್ಲೈಯ ಬುಡದಲ್ಲಿ, ಏಕೆಂದರೆ ಅದು ಕಾಯಬೇಕಾದದ್ದು ಆ ಉದ್ದದ ಕೇಬಲನ್ನು. ಎಳೆಗಳಿರುವ ತಂತಿಯ ತುದಿಗೆ ಬೆಸುಗೆ ಬಳಿದು ಸ್ಕ್ರೂ ಟರ್ಮಿನಲಿಗೆ ಹಾಕುವ ಅಭ್ಯಾಸ ಅನೇಕರಿಗಿದೆ. ಬೆಸುಗೆಯ ಲೋಹ ಒತ್ತಡದಲ್ಲಿ ಕ್ರಮೇಣ ಸರಿಯುವುದರಿಂದ ಆ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಅಲ್ಲಿ ತಂತಿಯ ತುದಿಗೆ ಫೆರೂಲ್ (ಪುಟ್ಟ ಲೋಹದ ಕೊಳವೆ) ಹಾಕಿ ಒತ್ತಬೇಕು.

ಲಾಜಿಕ್ ಬೋರ್ಡನ್ನು ಬೆಸೆಯುವುದೋ ಸುತ್ತುವುದೋ ನಿಮಗೆ ಬಿಟ್ಟದ್ದು. ಸುತ್ತುತಂತಿ ಅವರು ಸಂಪರ್ಕದ ಗುಣದ ಬಗ್ಗೆ ಹೇಳಿದ್ದು ಸರಿಯೇ, ಆದರೂ ಮಾಡ್ಯೂಲ್‌ಗಳನ್ನು ಸಾಕೆಟಿನ ಮೇಲೆ ಕೂರಿಸುವ ಇಷ್ಟು ಚಿಕ್ಕ ಬೋರ್ಡಿಗೆ ನಾನು ಬೆಸುಗೆಯನ್ನೇ ಹಿಡಿಯುತ್ತೇನೆ. ತವರ 63, ಸೀಸ 37ರ ಮಿಶ್ರಣ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ, ಕೈ ತುಸು ಅಲುಗಿದರೂ ಸಂಪರ್ಕ ಕೆಡುವ ಅವಕಾಶ ಕಡಿಮೆ. ಅದನ್ನು ಬಳಸುವಾಗ ಹೊಗೆ ಮುಖಕ್ಕೆ ಬರದಂತೆ ನೋಡಿಕೊಂಡು, ಮುಗಿದ ಮೇಲೆ ಕೈ ತೊಳೆಯಿರಿ. ಬೆಸುಗೆ ಕಬ್ಬಿಣದ ತುದಿ 330ರಿಂದ 350 ಡಿಗ್ರಿ ಇರಲಿ. ಮೊದಲು ಕಾಲು ಮತ್ತು ತಾಮ್ರದ ಬಳೆ ಎರಡಕ್ಕೂ ಒಟ್ಟಿಗೆ ತಾಗಿಸಿ, ಬೆಸುಗೆ ತಂತಿಯನ್ನು ಕಬ್ಬಿಣಕ್ಕಲ್ಲದೆ ಎದುರು ಬದಿಯಿಂದ ಸಂಪರ್ಕಕ್ಕೆ ಕೊಡಿ. ಅದು ತಾನಾಗಿ ಹರಿದು ಕಾಲಿನ ಸುತ್ತ ಒಳಬಾಗಿದ ಇಳಿಜಾರಾಗಿ ನಿಂತರೆ ಸರಿ, ಗುಂಡಗೆ ಉಬ್ಬಿ ನಿಂತರೆ ಲೋಹ ಹಿಡಿದಿಲ್ಲ.

ಬೋರ್ಡನ್ನು ಮಗುಚಿದಾಗ ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ನೆನಪಿಟ್ಟು, ತಳಬದಿಯ ನೋಟದ ಪ್ರತ್ಯೇಕ ಚಿತ್ರವೊಂದನ್ನು ಬರೆದುಕೊಳ್ಳಿ. ಪ್ರತಿ ಸಾಕೆಟಿನ ಒಂದನೇ ಕಾಲಿಗೆ ತಳದಲ್ಲೂ ಗುರುತು ಮಾಡಿ. ಒಂದು ತಂತಿ ಹಾಕಿ ಮೀಟರಿನಿಂದ ಪರೀಕ್ಷಿಸಿದ ಮೇಲೆಯೇ ಸರ್ಕ್ಯೂಟ್ ಚಿತ್ರದಲ್ಲಿ ಆ ಗೆರೆಯ ಮೇಲೆ ಬಣ್ಣ ಎಳೆಯಿರಿ. ಎಲ್ಲ ಗೆರೆಗಳಿಗೂ ಬಣ್ಣ ಬಂದ ನಂತರ, ಸಾಕೆಟ್‌ಗಳೆಲ್ಲ ಖಾಲಿ ಇರುವಾಗಲೇ ವಿದ್ಯುತ್ ಕೊಟ್ಟು ಪ್ರತಿ ಸಾಕೆಟಿನ ಸಪ್ಲೈ ಕಾಲುಗಳಲ್ಲಿ ಇರಬೇಕಾದ ವೋಲ್ಟೇಜ್ ಇದೆಯೇ ಎಂದು ನೋಡಿ. ಆಮೇಲೆ ಮೈಕ್ರೋಕಂಟ್ರೋಲರ್, ಅದಾದ ಮೇಲೆ ಎ4988. ಅದರ ಪ್ರವಾಹದ ಮಿತಿಯನ್ನು ಮೋಟರ್ ಜೋಡಿಸುವ ಮೊದಲೇ ಹೊಂದಿಸಬೇಕು: ಟ್ರಿಮ್ಮರಿನ ಬಳಿ ಸಿಗುವ ಆಧಾರ ವೋಲ್ಟೇಜನ್ನು ಸೆನ್ಸ್ ರೆಸಿಸ್ಟರಿನ (ಮೋಟರಿನ ಪ್ರವಾಹ ಅಳೆಯುವ ರೆಸಿಸ್ಟರ್) ರೋಧದ ಎಂಟರಷ್ಟರಿಂದ ಭಾಗಿಸಿದರೆ ಮಿತಿ ಸಿಗುತ್ತದೆ. ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದರೆ 0.4 ವೋಲ್ಟಿಗೆ ಅರ್ಧ ಆಂಪಿಯರ್. ಮಾಡ್ಯೂಲಿನಿಂದ ಮಾಡ್ಯೂಲಿಗೆ ಈ ರೆಸಿಸ್ಟರ್ ಬೇರೆಯಾಗಿರುವುದರಿಂದ ಅದರ ಮೇಲೆ ಮುದ್ರಿಸಿರುವ ಅಂಕಿಯನ್ನು ಓದಿಯೇ ಲೆಕ್ಕ ಹಾಕಿ.

ಕೊನೆಗೆ ಹೀಟರ್‌ಗಳನ್ನು ಜೋಡಿಸಿ ಇದೇ ಎರಡು ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ. ಮೈಕ್ರೋಕಂಟ್ರೋಲರಿನ ಗ್ರೌಂಡಿಗೂ ರೆಸಿಸ್ಟರಿನ ಬುಡಕ್ಕೂ ನಡುವೆ ಒಂದೆರಡು ಮಿಲಿವೋಲ್ಟಿಗಿಂತ ಹೆಚ್ಚು ಕಂಡರೆ, ಹೀಟರಿನ ಪ್ರವಾಹ ಇನ್ನೂ ಎಲ್ಲೋ ಲಾಜಿಕ್ ಬೋರ್ಡಿನೊಳಗೆ ಹಾದುಹೋಗುತ್ತಿದೆ ಎಂದರ್ಥ. ಮೀಟರಿನ ಒಂದು ಮುಳ್ಳನ್ನು ಸಪ್ಲೈಯ ಋಣ ಟರ್ಮಿನಲಿನಲ್ಲೇ ಇರಿಸಿ, ಇನ್ನೊಂದನ್ನು ಗ್ರೌಂಡ್ ತಂತಿಯುದ್ದಕ್ಕೂ ಒಂದೊಂದೇ ಸಂಪರ್ಕಕ್ಕೆ ತಾಗಿಸುತ್ತಾ ಹೋಗಿ. ಯಾವ ಸಂಪರ್ಕವನ್ನು ದಾಟುವಾಗ ಅಂಕಿ ಒಮ್ಮೆಲೇ ಏರುತ್ತದೆಯೋ ಬಿಚ್ಚಿ ಮತ್ತೆ ಮಾಡಬೇಕಾದದ್ದು ಅದನ್ನು.